ನಾಲ್ಕು ಮನೆಯ ಹುಳ

ನಾನು ಯಾರ ಮೇಲೂ ದನಿ ಎತ್ತಿದವಳಲ್ಲ. ಅದು ನಿಮಗೆಲ್ಲ ಗೊತ್ತು. ಅಜ್ಜಿ ಗಟ್ಟಿಯಾಗಿ ಮಾತಾಡಿದರೆ ಮನೆಯ ಬೆಕ್ಕೂ ತಿರುಗಿ ನೋಡುತ್ತದೆ ಎಂದು ನೀವೇ ನಗುತ್ತೀರಿ. ಆದರೆ ನನಗೆ ಬೇಕಾದ ಮೂವರು ಹೆಂಗಸರ ಮೇಲೆ ಒಮ್ಮೆ ಐದು ತಿಂಗಳು ನಾನು ಮನಸ್ಸಿನೊಳಗೇ ಕೂಗಾಡಿದ್ದೇನೆ. ಅದು ಹೊರಗೆ ಕೇಳಿಸಿದ್ದರೆ ಸುಗಟೂರಿನವರೆಗೂ ಹೋಗುತ್ತಿತ್ತು.

ನಿಮ್ಮ ತಾತ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಎದೆನೋವು ಎಂದವರು ಕೋಲಾರದ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದರು. ಮಗನಿಗೆ ಒಂಬತ್ತು, ಮಗಳಿಗೆ ಆರು. ಮಾಲೂರಿನಲ್ಲಿ ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯಾಗಿದ್ದ ನನ್ನ ಅಣ್ಣ ತಿಂಗಳಿಗೊಮ್ಮೆ ಬಂದು, ಜಗಲಿಯ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ. ಗಂಡಸಿಲ್ಲದ ಮನೆಯಲ್ಲಿ ನೀನು ಒಬ್ಬಳೇ ಇರುವುದು ಬೇಡ, ಮಾಲೂರಿಗೆ ಬಾ, ಮಕ್ಕಳು ಅಲ್ಲೇ ಓದುತ್ತವೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಆ ಮನೆಯ ಒಲೆ ಅತ್ತಿಗೆಯದು. ಮಗು ಹಸಿವು ಅಂದರೆ ಎದ್ದು ಹೋಗಿ ಪಾತ್ರೆಯ ಮುಚ್ಚಳ ತೆಗೆಯಲು ನಾನು ಅಲ್ಲಿ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಆ ಒಂದು ಕ್ಷಣ ನನಗೆ ಬೇಡವಾಗಿತ್ತು. ಅದನ್ನು ಅಣ್ಣನಿಗೆ ಹೇಳುವ ಬಾಯಿ ನನಗಿರಲಿಲ್ಲ.

ಆ ಸಮಯಕ್ಕೆ ರೇಷ್ಮೆ ಮೇಷ್ಟ್ರು ಬಂದರು. ಇಲಾಖೆಯಿಂದ ಸೈಕಲ್ಲಿನಲ್ಲಿ ಊರೂರು ಸುತ್ತುತ್ತಿದ್ದ ಅವರನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ಹುಳ ಸಾಕುವ ತರಬೇತಿಗೆ ಹದಿನೈದು ದಿನ ಒಬ್ಬ ಹೆಂಗಸನ್ನು ಕಳಿಸಿ, ಓದು ಬರೆಹ ಬರಬೇಕು ಎಂದರು. ನಮ್ಮ ಬೀದಿಯಲ್ಲಿ ಏಳನೇ ತರಗತಿ ಮುಗಿಸಿದ ಹೆಂಗಸು ನಾನೊಬ್ಬಳೇ. ಹೋಗಿ ಬಂದೆ. ಅಲ್ಲಿ ಹದಿನೈದು ದಿನವೂ ಹಿಂದಿನ ಸಾಲಿನಲ್ಲಿ ಕೂತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆದರೆ ಹೇಳಿದ್ದನ್ನೆಲ್ಲ ಬರೆದುಕೊಂಡೆ.

ನಮ್ಮ ಪಡಸಾಲೆ ದೊಡ್ಡದು. ನಾಲ್ಕು ಮನೆ ಸೇರಿ ಅಲ್ಲೇ ಹುಳ ಸಾಕಿ, ಬಂದ ಗೂಡನ್ನು ನಾಲ್ಕು ಪಾಲು ಮಾಡಿಕೊಳ್ಳುವುದು ಎಂದು ಮಾತಾಯಿತು. ನಾನೊಬ್ಬಳು. ಇನ್ನೊಬ್ಬಳು ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮೂರನೆಯವರು ಹಿಂದಿನ ಬೀದಿಯ ಸಾಬರ ಮನೆಯ ಹಿರಿಯ ಹೆಂಗಸು. ಅವರ ಯಜಮಾನರು ರೇಷ್ಮೆ ನೂಲು ತೆಗೆಯುತ್ತಿದ್ದರು, ಹಾಗಾಗಿ ಅವರಿಗೆ ಗೂಡಿನ ಒಳ್ಳೆಯದು ಕೆಟ್ಟದ್ದು ಕೈಯಲ್ಲಿ ಹಿಡಿದರೇ ತಿಳಿಯುತ್ತಿತ್ತು. ಊರಿಗೆಲ್ಲ ಅವರು ಖಾಲಾ, ಚಿಕ್ಕಮ್ಮ. ನಾಲ್ಕನೆಯವಳು ಎದುರು ಮನೆಯ ಹೊಸ ಸೊಸೆ. ಮುಳಬಾಗಿಲು ಕಡೆಯವಳು, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಅರ್ಧ ಮಾತು ತೆಲುಗು, ನಮ್ಮಿಬ್ಬರನ್ನೂ ಅಕ್ಕ ಎನ್ನುತ್ತಿದ್ದಳು.

ಅಣ್ಣನಿಗೆ ವಿಷಯ ಗೊತ್ತಾಗಿ ಬಂದ. ಹುಳ ಸಾಕುವ ಬಿದಿರಿನ ತಟ್ಟೆಗಳನ್ನು ನೋಡಿದ, ಅವನ್ನು ಜೋಡಿಸುವ ಮರದ ಸ್ಟ್ಯಾಂಡನ್ನು ಅಲ್ಲಾಡಿಸಿ ನೋಡಿದ.

“ಸರಿ. ಮೂರು ಬೆಳೆ ಮಾಡಿ ನೋಡು. ಮೂರರಲ್ಲಿ ಒಂದಾದ್ರೂ ನೆಟ್ಟಗೆ ಬಂದ್ರೆ ಇಲ್ಲೇ ಇರು, ನಾನು ಮಾತಾಡಲ್ಲ. ಬರಲಿಲ್ಲ ಅಂದ್ರೆ ಜೂನಲ್ಲಿ ಸ್ಕೂಲು ತೆಗೆಯೋ ಮುಂಚೆ ಮಕ್ಕಳ ಟಿ.ಸಿ. ತೆಗೆಸ್ಕೊಂಡು ಮಾಲೂರಿಗೆ ಬಂದುಬಿಡು. ಒಪ್ಪಿಗೇನಾ?”

“ಆಗಲಿ ಅಣ್ಣ,” ಎಂದೆ.

ಮೊಟ್ಟೆ ತರುವ ಮುಂಚಿನ ದಿನ ನಾವು ನಾಲ್ವರೂ ಪಡಸಾಲೆಯಲ್ಲಿ ಕೂತು ಕಟ್ಟುಪಾಡು ಮಾಡಿಕೊಂಡೆವು. ಇಲ್ಲಿ ನೀವು ಒಂದನ್ನು ಗಮನಿಸಬೇಕು. ಅವು ನಾನು ಹೇರಿದ ಕಟ್ಟುಪಾಡುಗಳಲ್ಲ. ಹುಳಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನಾನು ನನ್ನ ಪುಸ್ತಕ ನೋಡಿ ಓದಿದೆ, ಅಷ್ಟೆ. ಏನು ಮಾಡಬೇಕು ಎಂದು ಅವರವರೇ ಹೇಳಿದರು. ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರಬಾರದು ಎಂದು ಖಾಲಾ ಹೇಳಿದರು. ಒಳಗೆ ಹೊಗೆ, ಊದಿನಕಡ್ಡಿ, ಒಗ್ಗರಣೆ ವಾಸನೆ ಯಾವುದೂ ಕೂಡದು ಎಂದು ಅಕ್ಕ ಹೇಳಿದಳು. ಜ್ವರಕ್ಕೆ ಕೂತಾಗ ಎಲ್ಲ ಹುಳ ಏಳುವವರೆಗೆ ಒಂದು ಎಲೆಯನ್ನೂ ಹಾಕಬಾರದು ಎಂದು ಮುಳಬಾಗಿಲ ಹುಡುಗಿಯೇ ಹೇಳಿದ್ದು. ಹೊರಗಿನವರು ಯಾರೂ ಒಳಗೆ ಬರಬಾರದು, ಬಾಗಿಲ ಪರದೆ ಸದಾ ಮುಚ್ಚಿರಬೇಕು ಎಂದು ನಾನು ಹೇಳಿದೆ. ಊಜಿ ನೊಣ ಆಗತಾನೇ ನಮ್ಮ ಕಡೆ ಕಾಣಿಸಿಕೊಳ್ಳುತ್ತಿದ್ದ ಕಾಲ. ಒಂದು ನೊಣ ಒಳಗೆ ನುಗ್ಗಿದರೂ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ, ಮರಿ ಹುಳವನ್ನು ಒಳಗಿಂದ ತಿನ್ನುತ್ತದೆ. ಅದಕ್ಕೆ ಬಾಗಿಲಿಗೆ ಸೊಳ್ಳೆ ಪರದೆಯ ಬಟ್ಟೆ ಹೊಲಿದು ಕಟ್ಟಿದ್ದೆವು. ಎಲ್ಲವನ್ನೂ ನಾನು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದೆ. ಮೂವರಿಗೂ ಓದಲು ಬರುತ್ತಿರಲಿಲ್ಲ. ಆದರೂ ಯಾವ ಸಾಲು ಯಾರದು ಎಂದು ಮೂವರಿಗೂ ಗೊತ್ತಿತ್ತು. “ಅದು ನಂದು,” ಎಂದು ಆ ಹುಡುಗಿ ಮೂರನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.

ಜ್ವರ ಎಂದರೆ ಏನು ಎಂದು ನಿಮಗೆ ಹೇಳಬೇಕು. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನೇ ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮೇವಿಲ್ಲದೆ, ತಲೆ ಎತ್ತಿ, ಅಲ್ಲಾಡದೆ ಕೂತಿರುತ್ತದೆ. ಎಲ್ಲ ಒಟ್ಟಿಗೆ ಏಳುವುದಿಲ್ಲ. ಕೆಲವು ಬೆಳಿಗ್ಗೆ, ಕೆಲವು ಮಧ್ಯಾಹ್ನ, ಕೆಲವು ಸಂಜೆ. ಮೊದಲು ಎದ್ದವು ಕಾಯಬೇಕು. ಅವಕ್ಕೆ ಮೊದಲೇ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಅವು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಒಂದೇ ತಟ್ಟೆಯಲ್ಲಿ ದೊಡ್ಡ ಹುಳ, ಸಣ್ಣ ಹುಳ. ಕೊನೆಗೆ ಕೆಲವು ಗೂಡು ಕಟ್ಟುತ್ತಿರುವಾಗ ಇನ್ನು ಕೆಲವು ಸೊಪ್ಪಿಗೆ ಬಾಯಿ ಬಿಡುತ್ತಿರುತ್ತವೆ. ಹಿಂದೆ ಬಿದ್ದವಕ್ಕೇ ರೋಗ ಮೊದಲು ಹಿಡಿಯುತ್ತದೆ.

ಮೊದಲನೇ ಬೆಳೆ ಸಂಕ್ರಾಂತಿ ಕಳೆದ ಮೇಲೆ. ಮೊದಲ ಎಲೆಯನ್ನು ಅಕ್ಕ ಹಾಕಿದಳು, ಮುತ್ತೈದೆ ಹಾಕಲಿ ಎಂದು ನಾನೇ ಹಿಂದೆ ಸರಿದಿದ್ದೆ. ಎರಡು ಜ್ವರ ನೆಟ್ಟಗೆ ಎದ್ದವು. ಮೂರನೆಯದಾದ ಮೇಲೆ ತಟ್ಟೆ ನೋಡುತ್ತೇನೆ, ಅಕ್ಕಿ ನುಚ್ಚು ಬೆರೆಸಿದ ಹಾಗೆ ಹುಳ. ದಪ್ಪದ್ದೊಂದು, ಸಣ್ಣದ್ದೊಂದು. ಜ್ವರದ ದಿನ ಮಧ್ಯಾಹ್ನದ ಪಾಳಿ ಆ ಹುಡುಗಿಯದು.

“ಸೊಪ್ಪು ಹಾಕಿದ್ಯಾ?” ಎಂದು ಕೇಳಿದೆ.

“ಇಲ್ಲ ಅಕ್ಕ.”

“ನಿಜ ಹೇಳು.”

“ಒಂದೇ ಒಂದು ಹಿಡಿ ಅಕ್ಕ. ಎದ್ದಿರೋವು ತಲೆ ಹಿಂಗೆ ಹಿಂಗೆ ಆಡಿಸ್ತಾ ನನ್ನೇ ನೋಡ್ತಿದ್ವು. ಪಾಪಂ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವು.”

“ನೀನೇ ಹೇಳಿದ್ದಲ್ವಾ ಹಾಕಬಾರದು ಅಂತ?”

“ಹೌದು ಅಕ್ಕ. ಹಾಕಬಾರದು,” ಎಂದು ಅವಳು ಪೂರಾ ಮನಸ್ಸಿನಿಂದ ಒಪ್ಪಿಕೊಂಡಳು.

ಇದೇ ನನಗೆ ಹುಚ್ಚು ಹಿಡಿಸುತ್ತಿದ್ದುದು. ಯಾರೂ ವಾದ ಮಾಡುತ್ತಿರಲಿಲ್ಲ. ಖಾಲಾ ಕೆನ್ನೆಯೊಳಗೆ ಹೊಗೆಸೊಪ್ಪು ಒತ್ತಿಕೊಂಡು ತಟ್ಟೆಯ ಮೇಲೆ ಬಗ್ಗುತ್ತಿದ್ದರು. ನಾನು ಸುಮ್ಮನೆ ಅವರ ಕೆನ್ನೆ ನೋಡಿದರೆ, “ಕೈಯಲ್ಲಿ ಅಂದಿದ್ದು ಬೇಟಿ, ಬಾಯಲ್ಲಿ ಅಂದಿಲ್ಲ. ಕೈ ತೊಳೆದೇ ಬಂದೀನಿ ನೋಡು,” ಎಂದು ಎರಡೂ ಅಂಗೈ ಚಾಚುತ್ತಿದ್ದರು. ಆಮೇಲೆ, “ನೀ ಹೇಳೋದು ಸರಿ, ತಪ್ಪೇ,” ಎಂದು ಹೊರಗೆ ಹೋಗಿ ಉಗಿದು ಬರುತ್ತಿದ್ದರು. ಮಾರನೇ ದಿನ ಮತ್ತೆ ಕೆನ್ನೆ ಉಬ್ಬಿರುತ್ತಿತ್ತು. ಬೈದರೆ ಒಪ್ಪಿಕೊಳ್ಳುವವರನ್ನು ಮತ್ತೆ ಏನೆಂದು ಬೈಯುವುದು? ಅದರಲ್ಲೂ ಬೈಯಲು ಬಾರದವಳು?

ಆ ಬೆಳೆಯ ಗೂಡು ಹತ್ತು ದಿನ ಎಳೆದಾಡಿಕೊಂಡು ಬಂತು. ತೆಳು ಗೂಡು. ಖಾಲಾ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ನಮ್ಮ ಮನೆಯೋರು ಇದನ್ನ ನೋಡಿದ್ರೆ ನಕ್ಕುಬಿಡ್ತಾರೆ,” ಎಂದು ತಾವೇ ನಕ್ಕರು. ಅಣ್ಣ ಆ ತಿಂಗಳು ಬಂದಾಗ ಒಂದು ಬೆರಳು ಮಡಿಸಿದ.

ಎರಡನೇ ಬೆಳೆ ಯುಗಾದಿಯ ಹೊತ್ತಿಗೆ. ಮತ್ತೆ ಗೋಡೆಯ ಮುಂದೆ ಕೂತೆವು. ಮತ್ತೆ ಎಲ್ಲರೂ ಒಂದೊಂದು ಸಾಲಿಗೂ ತಲೆ ಆಡಿಸಿದರು. ಈ ಸಲ ಹುಡುಗಿಯನ್ನು ಜ್ವರದ ದಿನಗಳಲ್ಲಿ ಸೊಪ್ಪು ಕೊಯ್ಯಲು ತೋಟಕ್ಕೆ ಕಳಿಸಿ ನಾನೇ ಒಳಗೆ ಕೂತೆ. ಮೂರು ಜ್ವರ ಗಡಿಯಾರದ ಹಾಗೆ ಎದ್ದವು. ಹುಳ ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ನನಗೇ ನಂಬಿಕೆ ಬರಲಿಲ್ಲ.

ಆಗ ಊರಿನ ದೊಡ್ಡವರೊಬ್ಬರು ಬಂದರು. ನಿಮ್ಮ ಮುತ್ತಾತನ ವಯಸ್ಸಿನವರು, ನಮ್ಮ ಮನೆಯ ಮದುವೆ ಸಾವು ಎಲ್ಲಕ್ಕೂ ಮುಂದೆ ನಿಂತವರು. “ಹೆಣ್ಮಕ್ಕಳು ಏನೋ ಸಾಕ್ತಿದೀರಂತೆ, ತೋರಿಸ್ರಮ್ಮ,” ಎಂದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಹೊರಗಿನವರು ಬರಬಾರದು ಎನ್ನುವ ಸಾಲು ನನ್ನದೇ. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ನಿಂತು, ಅವರು ಬಗ್ಗದೆ ಒಳಗೆ ಹೋಗಲಿ ಎಂದು ಬಾಗಿಲ ಪರದೆಯನ್ನು ಎತ್ತಿ ಹಿಡಿದೆ. ಅವರು ಆರಾಮವಾಗಿ ಒಂದೊಂದೇ ತಟ್ಟೆ ನೋಡಿದರು. ಹಿಂದೆ ಅವರ ಕಾಲದಲ್ಲಿ ಹುಳ ಹೇಗಿತ್ತು ಎಂದು ಹೇಳಿದರು. ಅಷ್ಟೂ ಹೊತ್ತು ನಾನು ಪರದೆ ಹಿಡಿದೇ ನಿಂತಿದ್ದೆ. ಹೊರಟಾಗ, “ಒಳ್ಳೆ ಬೆಳ್ಳಿ ಕಡ್ಡಿ ಸುರಿದಂಗವೆ ಕಣಮ್ಮ. ಈ ಸುತ್ತಿನಲ್ಲೇ ಇಂಥ ಹುಳ ನಾನು ನೋಡಿಲ್ಲ,” ಎಂದರು.

ಸಂಜೆ ಅದನ್ನು ಅಕ್ಕನಿಗೆ ಹೇಳಿದೆ. ಪರದೆಯ ವಿಷಯ ಹೇಳಲಿಲ್ಲ, ಹೊಗಳಿದ ವಿಷಯ ಮಾತ್ರ ಹೇಳಿದೆ. ಅಕ್ಕ ಮುಖ ಸಣ್ಣಗೆ ಮಾಡಿಕೊಂಡಳು. “ಅವರ ಕಣ್ಣು ಒಳ್ಳೇದಲ್ಲ ಕಣೇ,” ಎಂದಳು. ನಾನು ಅಷ್ಟಕ್ಕೇ ಬಿಟ್ಟೆ.

ಮಾರನೇ ಬೆಳಿಗ್ಗೆ ನಾನು ಸೊಪ್ಪು ಹೊತ್ತುಕೊಂಡು ತೋಟದಿಂದ ಬಂದಾಗ ಬೀದಿಯಲ್ಲೇ ಕೆಮ್ಮು ಬಂತು. ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ. ಅಕ್ಕ ಕೆಂಡದ ಬಾಣಲೆ ಹಿಡಿದು ಪಡಸಾಲೆಯೊಳಗೇ ತಟ್ಟೆಗಳಿಗೆ ದೃಷ್ಟಿ ತೆಗೆಯುತ್ತಿದ್ದಳು. ಒಂದೊಂದು ಸ್ಟ್ಯಾಂಡಿಗೂ ಮೂರು ಮೂರು ಸುತ್ತು. ಪಡಸಾಲೆ ತುಂಬ ಹೊಗೆ. ಖಾಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದರು.

“ಅಕ್ಕಾ, ಹೊಗೆ,” ಎಂದೆ.

“ಹೊಗೆ ಬೇಡ ಅಂತ ನಾನೇ ಹೇಳಿದ್ದು, ನಂಗೊತ್ತಿಲ್ವಾ? ಇದು ಹೊಗೆ ಅಲ್ಲ, ದೃಷ್ಟಿ. ನೋಡು, ಘಾಟೇ ಬರ್ತಿಲ್ಲ. ಎಷ್ಟು ದೃಷ್ಟಿ ಬಿದ್ದಿದೆ ನೋಡು,” ಎಂದು ಅವಳು ಕಣ್ಣಲ್ಲಿ ನೀರು ಸುರಿಸುತ್ತಾ, ಕೆಮ್ಮುತ್ತಾ ಹೇಳಿದಳು.

“ಘಾಟು ಬರ್ತಾ ಇದೆ ಮಾ,” ಎಂದರು ಖಾಲಾ ಸೆರಗಿನೊಳಗಿಂದ. “ಸೀನಕ್ಕೂ ಆಗ್ತಿಲ್ಲ ನಂಗೆ.”

ಮೂರು ದಿನ ಹುಳ ಸೊಪ್ಪು ಸರಿಯಾಗಿ ಮುಟ್ಟಲಿಲ್ಲ. ಅವು ಚೇತರಿಸಿಕೊಳ್ಳುವ ಹೊತ್ತಿಗೆ ಮೈಮೇಲೆ ಕಪ್ಪು ಚುಕ್ಕಿ ಕಾಣಿಸಿತು. ಊಜಿ. ಅಕ್ಕ ಅದನ್ನು ಕಣ್ಣೆಸರು, ದೃಷ್ಟಿಯ ಫಲ ಎಂದಳು. ನಾನು ರೇಷ್ಮೆ ಮೇಷ್ಟ್ರನ್ನು ಕರೆಸಿದೆ. ಅವರು ತಟ್ಟೆ ನೋಡಿ, ನೊಣ ಒಳಗೆ ಬಂದಿದೆ, ಯಾರೋ ಬಾಗಿಲು ತೆರೆದಿಟ್ಟಿದ್ದಾರೆ ಎಂದರು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಕ್ಕ ಹುಡುಗಿಯನ್ನು ಗದರಿದಳು, “ಸೊಪ್ಪಿನ ಗಂಟು ತರೋವಾಗ ನೀನೇ ತೆಗೆದಿಟ್ಟಿರ್ತೀಯಾ.” ಹುಡುಗಿ, “ಇರಬಹುದು ಅಕ್ಕ, ತಪ್ಪಾಯ್ತು,” ಎಂದು ಒಪ್ಪಿಕೊಂಡಳು. ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಹುಡುಗಿ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವರೆಲ್ಲ ಈಗ ಇಲ್ಲ, ಇದ್ದಾಗ ಹೇಳಬೇಕಾಗಿತ್ತು. ಹುಡುಗಿ ಮಾತ್ರ ಇದ್ದಾಳೆ, ನನಗಿಂತ ಹೆಚ್ಚು ಹಲ್ಲು ಬಿದ್ದಿವೆ ಅವಳಿಗೆ. ಇನ್ನೂ ಹೇಳಿಲ್ಲ.

ಅಣ್ಣ ಎರಡನೇ ಬೆರಳು ಮಡಿಸಿದ. “ಇನ್ನೊಂದು ಬೆಳೆಗೆ ಯಾಕೆ ಕಷ್ಟಪಡ್ತೀಯ, ಈಗಲೇ ಬಾ,” ಎಂದ. ಮೂರು ಎಂದು ಮಾತಾಗಿದೆಯಲ್ಲ ಅಣ್ಣ ಎಂದೆ. ಅವನು ಮಾತಿಗೆ ಬೆಲೆ ಕೊಡುವವನು. ಒಪ್ಪಿದ.

ಆ ವಾರವೆಲ್ಲ ನನಗೆ ಎಂಥ ಕೋಪವೆಂದರೆ, ರಾಗಿ ಮುದ್ದೆ ತಿರುವುವ ಕೋಲನ್ನು ಮುರಿದೆ. ಮೂರು ಜನಕ್ಕೂ ನನ್ನ ಪರಿಸ್ಥಿತಿ ಗೊತ್ತಿತ್ತು. ನಾನು ಮಾಲೂರಿಗೆ ಹೋಗಬೇಕಾಗುತ್ತದೆ ಎಂದು ನೆನೆದು ಮೂರು ಜನವೂ ಒಂದೊಂದು ಸಲ ನನ್ನ ಮುಂದೆ ಅತ್ತಿದ್ದರು. ಅತ್ತು, ಕಣ್ಣು ಒರೆಸಿಕೊಂಡು, ಮೂಗು ಸೀಟಿ, ಕೈ ತೊಳೆಯದೆ ತಟ್ಟೆಗೆ ಕೈ ಹಾಕಿದ್ದರು.

ಯೋಚನೆ ಮಾಡಿದೆ. ನಮ್ಮಲ್ಲಿ ಎದುರಿಗೆ ಕೂತವರಿಗೆ ಇಲ್ಲ ಎನ್ನುವುದು ಒರಟುತನ. ಊಟಕ್ಕೆ ಬನ್ನಿ ಎಂದರೆ ಬರುತ್ತೇವೆ ಎನ್ನುತ್ತಾರೆ, ಬರುವುದಿಲ್ಲ. ಅದರಲ್ಲಿ ಸುಳ್ಳಿಲ್ಲ, ಅದು ಮರ್ಯಾದೆ. ನನ್ನ ಗೋಡೆಯ ಮುಂದೆ ಅವರು ತಲೆ ಆಡಿಸಿದ್ದೂ ಅದೇ ಮರ್ಯಾದೆ. ಗಂಡ ಸತ್ತವಳು, ಪಾಪ, ಓದಿ ಬಂದು ಹೇಳುತ್ತಿದ್ದಾಳೆ, ಮನಸ್ಸು ನೋಯಿಸುವುದೇಕೆ ಎಂದು.

ಮೂರನೇ ಬೆಳೆಗೆ ಮೊಟ್ಟೆ ತರುವ ಮೊದಲು ಗೋಡೆಗೆ ಸುಣ್ಣ ಬಳಿದೆ. ಮೂವರೂ ಬಂದು ಬಿಳಿ ಗೋಡೆ ನೋಡುತ್ತಾ ಕೂತರು.

“ಈ ಸಲ ಏನೂ ಬರೆಯಲ್ಲ,” ಎಂದೆ. “ನಿಮ್ಮ ಕೈಲಿ ಏನು ಆಗಲ್ಲ, ಅದನ್ನ ಹೇಳಿ.”

“ಎಲ್ಲಾ ಆಗುತ್ತೆ ಅಕ್ಕ,” ಎಂದಳು ಹುಡುಗಿ ಕೂಡಲೇ.

“ಆಗಲ್ಲ,” ಎಂದೆ. “ಎರಡು ಸಲ ನೋಡಿದ್ದೀನಿ. ಆಗಲ್ಲ ಅನ್ನೋದನ್ನ ಹೇಳೋವರೆಗೂ ಯಾರೂ ಏಳಬೇಡಿ.”

ಕೊನೆಗೆ ಖಾಲಾ ಗಂಟಲು ಸರಿಮಾಡಿಕೊಂಡರು. “ಹೊಗೆಸೊಪ್ಪು ಬಿಡಕ್ಕೆ ಆಗಲ್ಲ ಬೇಟಿ. ನಲವತ್ತು ವರ್ಷ ಆಯ್ತು. ಸತ್ತ ಮೇಲೆ ಬಿಡ್ತೀನಿ.” ಅದಾದ ಮೇಲೆ ಅಕ್ಕ, ದೃಷ್ಟಿ ತೆಗೆಯದೆ ಇದ್ದರೆ ನನಗೆ ಅನ್ನ ಸೇರುವುದಿಲ್ಲ ಎಂದಳು. ಹುಡುಗಿ ನೆಲ ನೋಡುತ್ತಾ, “ಹಸಿದಿರೋದನ್ನ ನೋಡಕ್ಕೆ ಆಗಲ್ಲ,” ಎಂದಳು. ಮೂವರೂ ನನ್ನ ಕಡೆ ನೋಡಿದರು. ಊರಿನ ಗಂಡಸರು ಬಂದರೆ ಒಳಗೆ ಬರಬೇಡಿ ಎನ್ನಲು ನನ್ನ ಕೈಲಿ ಆಗುವುದಿಲ್ಲ ಎಂದೆ.

“ಅಷ್ಟೇನಾ?” ಎಂದರು ಖಾಲಾ. “ಅದು ನಂಗೆ ಬಿಡು.”

ಖಾಲಾ ಒಳಗೆ ಬರುವುದನ್ನು ಬಿಟ್ಟು ಬಾಗಿಲ ಹೊರಗೆ, ಜಗಲಿಯ ಮೇಲೆ ಕೂತರು. ಹೊಗೆಸೊಪ್ಪಿನ ಚೀಲ ಪಕ್ಕದಲ್ಲಿ. ಯಾರೇ ಬಂದರೂ, “ಒಳಗೆ ಬಾಣಂತಿ ಇದ್ದಂಗೆ, ಹೋಗಿ ಹೋಗಿ,” ಎಂದು ಕಳಿಸುತ್ತಿದ್ದರು. ಆ ದೊಡ್ಡವರು ಮತ್ತೆ ಬಂದಾಗ ಅವರನ್ನೂ ಹಾಗೇ ಕಳಿಸಿದರು, ಅವರು ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಅಕ್ಕ ದೃಷ್ಟಿಯನ್ನು ಬೀದಿಯಲ್ಲಿ ನಿಂತು ತೆಗೆದಳು. ಹುಡುಗಿಯನ್ನು ನಾಲ್ಕನೇ ಜ್ವರದ ಹೊತ್ತಿಗೆ ತವರಿಗೆ ಕಳಿಸುವುದು ಎಂದಾಯಿತು. ಅದು ದೊಡ್ಡ ಜ್ವರ, ಮೊದಲ ಮೂರನ್ನು ಹೇಗೋ ಕಳೆದರೂ ಅದನ್ನು ಅವಳು ತಡೆದುಕೊಳ್ಳಲಾರಳು. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಮುಳಬಾಗಿಲ ಬಸ್ಸು ಹತ್ತಿದಳು.

ಮೇ ತಿಂಗಳು. ಕಿಟಕಿಗೆ ಗೋಣಿ ಕಟ್ಟಿ ದಿನಕ್ಕೆ ಐದು ಸಲ ನೀರು ಚಿಮುಕಿಸುತ್ತಿದ್ದೆ. ಸ್ಟ್ಯಾಂಡಿನ ಕಾಲಿನ ಕೆಳಗೆ ಇರುವೆ ಹತ್ತದಂತೆ ಇಟ್ಟ ನೀರಿನ ಬಟ್ಟಲು ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಆದರೆ ಹುಳ ಮಾತ್ರ ಚೆನ್ನಾಗಿತ್ತು. ಎಲ್ಲವೂ ನಾಲ್ಕನೇ ಜ್ವರಕ್ಕೆ ಒಟ್ಟಿಗೆ ಕೂತವು. ಮಾರನೇ ದಿನ ಮಧ್ಯಾಹ್ನ ಕೆಲವು ಏಳತೊಡಗಿದವು. ಎಲ್ಲ ಎದ್ದ ಮೇಲೆ ಹಾಕಲು ಸೊಪ್ಪು ತರೋಣ ಎಂದು ನಾನು ಅಕ್ಕನನ್ನು ಕರೆದುಕೊಂಡು ತೋಟಕ್ಕೆ ಹೋದೆ.

ವಾಪಸು ಬಂದಾಗ ಖಾಲಾ ಜಗಲಿಯ ಮೇಲೆ ಬೇರೆ ಕಡೆ ನೋಡುತ್ತಾ ಕೂತಿದ್ದರು. ಒಳಗೆ ಹೋದರೆ ಆ ಹುಡುಗಿ, ಬಸ್ಸಿನ ಧೂಳು ಇನ್ನೂ ಸೀರೆಯಲ್ಲಿದೆ, ಹಿಂದಿನ ದಿನ ಉಳಿದಿದ್ದ ಸೊಪ್ಪನ್ನು ಮಡಿಲಲ್ಲಿ ಕಟ್ಟಿಕೊಂಡು ತಟ್ಟೆಗಳಿಗೆ ಹಾಕುತ್ತಿದ್ದಾಳೆ. ಬಲಗಡೆಯ ಸ್ಟ್ಯಾಂಡು ಪೂರ್ತಿ ಮುಗಿಸಿದ್ದಳು.

ಅವಳ ಕೈ ಹಿಡಿದೆ. “ಹೊರಗೆ ಹೋಗು,” ಎಂದೆ. ಕೂಗಿದೆ ಎಂದೇ ಹೇಳಬೇಕು. ಎದುರು ಮನೆಯಿಂದ ಅವಳ ಅತ್ತೆ ಹೊರಗೆ ಬಂದು ನೋಡುವಷ್ಟು ಕೂಗಿದೆ.

“ತವರಲ್ಲಿ ನಿದ್ದೆ ಬರಲಿಲ್ಲ ಅಕ್ಕ. ಇವು ಇಲ್ಲಿ ಉಪವಾಸ ಅಂತ. ಆ ಕಡೆಗೆ ಹಾಕಿಲ್ಲ, ಈ ಕಡೆ ಮಾತ್ರ,” ಎಂದಳು. ಜಗಲಿಗೆ ಹೋಗಿ ಖಾಲಾ ಪಕ್ಕ ಕೂತು ಅಳತೊಡಗಿದಳು.

“ಇವಳನ್ನ ಯಾಕೆ ಬಿಟ್ರಿ ಖಾಲಾ?”

“ಗಂಡಸರನ್ನ ಬಿಡಬಾರದು ಅಂತ ತಾನೇ ಹೇಳಿದ್ದು? ಇವಳು ಮನೆ ಹುಡುಗಿ. ಅಳ್ತಾ ಬಂದ್ಲು. ಏನು ಮಾಡ್ಲಿ, ಕೋಲು ತಗೊಂಡು ಹೊಡೀಲಾ? ನೀನೂ ಸ್ವಲ್ಪ ಮೆಲ್ಲಗೆ ಮಾತಾಡು ಬೇಟಿ, ಚಿಕ್ಕ ಹುಡುಗಿ.”

ನನಗೆ ಮೆಲ್ಲಗೆ ಮಾತಾಡು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಎಡಗಡೆಯ ಸ್ಟ್ಯಾಂಡಿನ ಹುಳ ಎಲ್ಲವೂ ಒಂದೇ ದಿನ ಹಣ್ಣಾಯಿತು. ಮೈ ಹೊಳಪಾಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುವ ಹುಳವನ್ನು ಹಾಗೆ ಎನ್ನುತ್ತೇವೆ. ಅವನ್ನು ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ಬಿಡಲು ನಾಲ್ವರೂ ಸೊಂಟ ನೆಟ್ಟಗೆ ಮಾಡದೆ ದುಡಿದೆವು. ಖಾಲಾ ಆ ದಿನ ತಾವಾಗಿಯೇ ಬಾಯಿ ಮುಕ್ಕಳಿಸಿ, ಬೂದಿಯಲ್ಲಿ ಕೈ ತಿಕ್ಕಿ ತೊಳೆದು ಒಳಗೆ ಬಂದರು. ಆ ಗೂಡು ಗಟ್ಟಿ, ಬೆರಳಲ್ಲಿ ಒತ್ತಿದರೆ ತಗ್ಗದಂಥದ್ದು. ಬಲಗಡೆಯದು ಮೊದಲ ಬೆಳೆಯ ಕಥೆಯೇ. ದೊಡ್ಡದು, ಸಣ್ಣದು, ಹಿಂದೆ ಬಿದ್ದದ್ದು, ಕೊನೆಗೆ ಮೈ ಸಪ್ಪಗಾಗಿ ಸತ್ತದ್ದು. ಅರ್ಧ ಬೆಳೆ ಬಂತು, ಅರ್ಧ ಹೋಯಿತು.

ಗೂಡು ಬಿಡಿಸುವ ದಿನ ಅಣ್ಣ ಬಂದ. ಕೈಯಲ್ಲಿ ಎರಡು ಖಾಲಿ ಗೋಣಿಚೀಲ ಮಡಿಸಿ ತಂದಿದ್ದ, ನಮ್ಮ ಪಾತ್ರೆ ಪಡಗ ತುಂಬಲು. ನಾನು ಎರಡು ಮೊರದಲ್ಲಿ ಎರಡೂ ಥರದ ಗೂಡು ತಂದು ಜಗಲಿಯ ಮೇಲೆ ಅವನ ಮುಂದೆ ಇಟ್ಟೆ. ಮುಚ್ಚಿಡಲಿಲ್ಲ. ಒಳಗೆ ಮೂವರೂ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು.

ಅಣ್ಣ ಎರಡೂ ಮೊರ ನೋಡಿದ. “ಅರ್ಧ,” ಎಂದ.

“ಅರ್ಧ ಅಣ್ಣ.”

“ಅರ್ಧ ಬಂದ್ರೆ ಬಂದಂಗಲ್ಲ. ನೆಟ್ಟಗೆ ಬರಬೇಕು ಅಂತ ಮಾತಾಗಿತ್ತು. ಟಿ.ಸಿ. ಕೇಳಿದ್ಯಾ ಸ್ಕೂಲಲ್ಲಿ?”

“ಇಲ್ಲ.”

“ನಾಳೆ ಕೇಳು.”

ಆಗಲಿ ಅಣ್ಣ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಿದ್ದೆ ಕೂಡ. ಸಂಕ್ರಾಂತಿಗೆ ಮೊದಲು ಇದೇ ಜಗಲಿಯ ಮೇಲೆ ಆಗಲಿ ಎಂದಾಗಲೂ ನಾನು ಮಾಲೂರಿಗೆ ಹೋಗುವ ಮನಸ್ಸು ಮಾಡಿರಲಿಲ್ಲ. ಒಂದು ದಿನಕ್ಕೂ ಮಾಡಿರಲಿಲ್ಲ. ಅಣ್ಣನ ಮನಸ್ಸು ನೋಯಿಸಬಾರದು ಎಂದು ಹೇಳಿದ್ದೆ.

“ಬರಲ್ಲ ಅಣ್ಣ,” ಎಂದೆ.

ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

“ನೀನೇ ಒಪ್ಪಿದ್ದೆ ಅಲ್ವಾ?”

“ಒಪ್ಪಿದ್ದೆ.”

“ನಾನೇನು ಬಲವಂತ ಮಾಡಿದ್ನಾ?”

“ಇಲ್ಲ ಅಣ್ಣ. ತಪ್ಪು ನಂದೇ. ಆವತ್ತೇ ಆಗಲ್ಲ ಅನ್ನಬೇಕಿತ್ತು, ಅನ್ನಕ್ಕೆ ಆಗಲಿಲ್ಲ. ಈಗ ಅಂತಿದೀನಿ.”

ಅವನು ಗೋಣಿಚೀಲದ ದಾರ ಕೀಳುತ್ತಾ ಕೂತ. “ಮಾತು ಕೊಟ್ಟು ತಪ್ಪೋರು ನಮ್ಮ ಮನೇಲಿ ಯಾರೂ ಇರಲಿಲ್ಲ,” ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ. ಕಾಫಿ ಕುಡಿಯಲಿಲ್ಲ. ಕೋಲಾರದ ಬಸ್ಸಿಗೆ ನಡೆದೇ ಹೋದ. ಆಮೇಲೆ ಒಂದು ವರ್ಷ ನಮ್ಮ ಮನೆಯ ಕಡೆ ಬರಲಿಲ್ಲ. ಬಂದಾಗ ಅದರ ಮಾತೆತ್ತಲಿಲ್ಲ. ನನ್ನ ಇಬ್ಬರು ಮಕ್ಕಳು ಈ ಊರಿನ ಶಾಲೆಯಲ್ಲೇ ಓದಿದ್ದು, ಈ ಮನೆಯಲ್ಲೇ ಬೆಳೆದದ್ದು ಹೀಗೆ. ನಾನು ಗೆದ್ದು ಅಲ್ಲ, ಮಾತು ತಪ್ಪಿ.

ಎರಡೂ ಮೊರ ಎತ್ತಿಕೊಂಡು ಒಳಗೆ ಹೋದೆ. ಮೂವರೂ ತಲೆ ಬಗ್ಗಿಸಿ ಗೂಡು ಬಿಡಿಸುತ್ತಿದ್ದರು, ಏನೂ ಕೇಳಿಸಿಕೊಳ್ಳದವರ ಹಾಗೆ. ಹುಡುಗಿ ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ, ಕೈಯಲ್ಲಿದ್ದ ಗೂಡಿನಿಂದ ಕಣ್ಣೆತ್ತದೆ, ಬಹಳ ಗಂಭೀರವಾಗಿ ಹೇಳಿದಳು.

“ಏನೇ ಆಗಲಿ ಕಣೇ, ಮಾತು ಕೊಡೋವಾಗಲೇ ಯೋಚನೆ ಮಾಡಬೇಕು. ಕೊಟ್ಟ ಮೇಲೆ ನಡೀಬೇಕು.”

“ಅದು ಸರಿ,” ಎಂದರು ಖಾಲಾ.

“ಹೌದು ಅಕ್ಕ,” ಎಂದಳು ಹುಡುಗಿ.

ನಾನು ಒಂದು ಚಂದ್ರಿಕೆ ಎಳೆದುಕೊಂಡು ಗೂಡು ಬಿಡಿಸತೊಡಗಿದೆ.